ಶೇಖರಣ್ಣನ ಕಬಡ್ಡಿಯ ಕೊನೆಯ ವರ್ಷ

ಮೊನ್ನೆ ಮೊಣಕಾಲು ನೋವೆಂದು ಔಡಲ ಎಣ್ಣೆಗೆ ಅರಿಶಿನ ಹಾಕಿ ಒಲೆಯ ಮೇಲಿಟ್ಟೆ. ವಾಸನೆ ಎದ್ದಕೂಡಲೇ ಅಣ್ಣಿಗೇರಿಯ ನಮ್ಮ ಹಳೆಯ ಮನೆಯ ಪಡಸಾಲೆ ಕಣ್ಣಮುಂದೆ ಬಂತು. ಸಂಜೆಯ ಹೊತ್ತು ಕಾಲೇಜಿನ ಕಬಡ್ಡಿ ಹುಡುಗರು ಗೋಡೆಗೊರಗಿ ಕೂತು ಇದೇ ಎಣ್ಣೆಯಿಂದ ಕಾಲು ತಿಕ್ಕಿಕೊಳ್ಳುತ್ತಿದ್ದರು. ನಮ್ಮೂರ ಎರೆಮಣ್ಣು ಮಳೆಗೆ ಅಂಟುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದಕ್ಕೇ ಅವರು ದುಮ್ಮವಾಡದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಕೆಂಪು ಮಣ್ಣು ತರಿಸಿ ಅಂಕಣಕ್ಕೆ ಹಾಸಿದ್ದರು. ಆ ವರ್ಷವಿಡೀ ನಮ್ಮ ಮನೆಯ ನೆಲದ ಮೇಲೆ ಕೆಂಪು ಹೆಜ್ಜೆಗಳು. "ಕಾಲ ತೊಳಕೊಂಡ ಬರ್ರಿ ಅಂದ್ರ ಕಿವಿ ಕೇಳಂಗಿಲ್ಲೇನು ನಿಮಗ?" ಎಂದು ಬೈಯುತ್ತಲೇ ಅವ್ವ ರೊಟ್ಟಿಯ ಬುಟ್ಟಿ ತಂದಿಡುತ್ತಿದ್ದಳು. "ತೊಳಕೊಂಡ ಬರೂದ್ರಾಗ ಇವ್ರು ರೊಟ್ಟಿ ಖಾಲಿ ಮಾಡ್ತಾರ್ರಿ ಕಾಕು" ಎನ್ನುತ್ತಿದ್ದ ಹನುಮಂತ. ಅವನು ನನ್ನ ಅಣ್ಣ ಶೇಖರನ ಜೀವದ ಗೆಳೆಯ.

ಶೇಖರಣ್ಣ ತಂಡದ ನಾಯಕ. ಅದು ಅವನ ಕೊನೆಯ ವರ್ಷ. ವಲಯದ ಫೈನಲ್ ಗೆದ್ದರೆ ವಿಶ್ವವಿದ್ಯಾಲಯದ ತಂಡಕ್ಕೆ ಅವನ ಹೆಸರು ಹೋಗುತ್ತಿತ್ತು. ಅವನಿಗೆ ಬೇರೆ ಆಸೆಯೇ ಇರಲಿಲ್ಲ. ನಮ್ಮ ಅಜ್ಜ ಹರೆಯದಲ್ಲಿ ಗರಡಿಮನೆಯ ಪೈಲ್ವಾನ. ಆ ಹೊತ್ತಿಗೆ ವಯಸ್ಸಾಗಿ, ನಡೆಯಲಾಗದೆ ಮನೆ ಮುಂದಿನ ಕಟ್ಟೆಯ ಮೇಲೇ ಕೂತಿರುತ್ತಿದ್ದ. ಹುಡುಗರಿಗೆ ಅವನು ಹೇಳಿಕೊಟ್ಟದ್ದು ಒಂದೇ ಪಾಠ. "ಮೈಗೆ ಕೈ ತಾಗಿದ್ರ ನೀನ ಎದ್ದ ಹೊರಗ ಹೋಗಬೇಕು. ಪಂಚ ನೋಡ್ಲಿ ಬಿಡ್ಲಿ." ಹುಡುಗರು ನಗುತ್ತಿದ್ದರು. "ಅಜ್ಜಾರ ಆಟದಾಗ ಅಂಪೈರಗ ಪಗಾರ ಯಾಕ ಕೊಡಬೇಕ್ರಿ?"

ಫೈನಲ್ ನಮ್ಮ ಕಾಲೇಜಿನ ಬಯಲಿನಲ್ಲೇ ನಡೆಯಿತು. ಅವ್ವ, ನಾನು ಹೆಂಗಸರ ಜೊತೆ ಬೇವಿನ ಗಿಡದ ಕೆಳಗೆ ನಿಂತಿದ್ದೆವು. ಕೊನೆಯ ರೇಡಿನ ತನಕ ಅಂಕ ಸಮ ಸಮ. ಎದುರಾಳಿ ಹುಡುಗ ನುಗ್ಗಿ ಬಂದು, ಕಾಲು ಚಾಚಿ, ಬರಿಗೈಲಿ ತನ್ನ ಗೆರೆಗೆ ಓಡಿದ. ಅಂಪೈರ್ ಅಂಕ ಕೊಡಲಿಲ್ಲ. ನಮ್ಮವರು ಉಸಿರು ಬಿಟ್ಟರು. ಆಗ ಧೂಳಿನ ನಡುವೆ ಶೇಖರಣ್ಣ ಒಬ್ಬನೇ ಕೈ ಎತ್ತಿ ಅಂಕಣದಿಂದ ಹೊರಗೆ ನಡೆದ. ಆ ಒಂದು ಅಂಕದಿಂದ ಸೋತೆವು. ಹನುಮಂತ ಅವನ ಭುಜ ಹಿಡಿದು ಅಲ್ಲಾಡಿಸಿದ. "ಯಾರ ನೋಡಿದ್ರಲೇ? ಯಾಕ ಹ್ವಾದಿ?" ಅಣ್ಣ ಅಂದದ್ದು ಇಷ್ಟೇ: "ತಾಗಿತ್ತಲೇ." ಹನುಮಂತ ನಂಬಲಿಲ್ಲ. ಅಜ್ಜನ ಮಾತು ತಲೆಯೊಳಗೆ ಹೊಕ್ಕು, ತಾಗದ್ದೂ ತಾಗಿದಂತೆ ಅನಿಸಿರಬೇಕು ಎಂದು ತಂಡದ ಹುಡುಗರಿಗೆಲ್ಲ ಹೇಳಿದ.

ಅಂದು ಸಂಜೆ ಯಾರೂ ಬರಲಿಲ್ಲ. ಆಮೇಲೂ ಬರಲಿಲ್ಲ. ಅವ್ವ ಮಾಡಿಟ್ಟ ರೊಟ್ಟಿ ಬುಟ್ಟಿಯಲ್ಲೇ ಒಣಗಿದವು. ಹೇಗೆ ಸೋತಿರಿ ಎಂದು ಅಜ್ಜ ಕೇಳಿದಾಗ ಅಣ್ಣ, "ಅವ್ರು ಗಟ್ಟಿ ಇದ್ರಜ್ಜ" ಎಂದ. "ನಿನ್ನ ಕಾಲಾಗ ಕಸುವಿಲ್ಲ, ಅದನ್ನ ಹೇಳು" ಎಂದು ಅಜ್ಜ ಮುಖ ತಿರುವಿದ. ಅವ್ವ ಬಾಯಿ ತೆರೆದಳು. ಅಣ್ಣ ಕಣ್ಣಲ್ಲೇ ತಡೆದ. ಅಡುಗೆಮನೆಗೆ ಬಂದು, "ಖರೇ ಹೇಳಿದ್ರ ಅಜ್ಜ ಉಣ್ಣಂಗಿಲ್ಲಬೇ. ತನ್ನಿಂದನ ಆತು ಅಂತಾನ" ಎಂದ. ಮೊಮ್ಮಗನ ಕಾಲಲ್ಲಿ ಕಸುವಿಲ್ಲ ಎಂದುಕೊಂಡೇ ಅಜ್ಜ ಮುಂದಿನ ಚಳಿಗಾಲ ತೀರಿಕೊಂಡ. ಅಣ್ಣ ಧಾರವಾಡದಲ್ಲಿ ನೌಕರಿ ಹಿಡಿದ, ಮತ್ತೆ ಅಂಕಣಕ್ಕೆ ಇಳಿಯಲಿಲ್ಲ. ಅವ್ವನೂ ಹೋದಳು. ಮನೆ ಇದ್ದ ಜಾಗದಲ್ಲಿ ಈಗ ಕಾಳಿನ ಗೋದಾಮು.

ಈ ವರ್ಷ ಯುಗಾದಿ ಕಳೆದ ಮೇಲೆ ಶೇಖರಣ್ಣನೂ ಹೋದ. ಮಾತಾಡಿಸಲು ಬಂದವರಲ್ಲಿ ಹನುಮಂತನಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಉಳಿದವರು ಎದ್ದು ಹೋದ ಮೇಲೆ ಕೇಳಿದ.

"ತಂಗೀ, ಅವತ್ತ ಖರೇನ ತಾಗಿತ್ತೇನು?"

"ತಾಗಿತ್ರಿ" ಅಂದೆ.

ಅವನು ತಲೆ ತಗ್ಗಿಸಿದ. ತಾಗಿದ್ದನ್ನು ನಾನೂ ನೋಡಿರಲಿಲ್ಲ. ಅಣ್ಣ ಕೈ ಎತ್ತಿಕೊಂಡು ಹೊರಗೆ ನಡೆದದ್ದನ್ನಷ್ಟೇ ನೋಡಿದ್ದೆ.