ಸೂರ್ಯೋದಯಕ್ಕೆ ಮುಗಿದ ಉಪವಾಸ

ಮೊನ್ನೆ ಬೆಳಿಗ್ಗೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿದ್ದಾಗ ಎಲ್ಲಿಂದಲೋ ಬಿಸಿ ಗಂಜಿಯ ವಾಸನೆ ಬಂತು. ಗಂಜಿಗೆ ಎಂಥ ವಾಸನೆ ಎಂದು ನೀವು ಕೇಳಬಹುದು. ಹೊಟ್ಟೆ ತುಂಬಿದವರಿಗೆ ಇಲ್ಲ, ಹಸಿದವನಿಗೆ ಉಂಟು. ನನ್ನ ಪಿತ್ತಕೋಶದಲ್ಲಿ ಕಲ್ಲುಗಳಿವೆಯೆಂದು ಪತ್ತೆಯಾಗಿ, ಅವನ್ನು ತೆಗೆಯುವ ಮುನ್ನ ನಡೆಯುವ ವಿಚಾರಣೆಗೆ ನಾನು ಹಾಜರಾಗಿದ್ದೆ. ಪರೀಕ್ಷೆಗೆ ರಕ್ತ ಕೊಟ್ಟಾಗಿತ್ತು, ಪ್ರಶ್ನೋತ್ತರ ಬಾಕಿ ಇತ್ತು. ಯಾವ ರೋಗಿಗೆ ಯಾರ ಮನೆಯಿಂದ ಬಂದ ಗಂಜಿಯೋ, ನನ್ನನ್ನು ಮಾತ್ರ ಅದು ತೊಂಬತ್ತರ ದಶಕದ ವಾಮದಪದವು ಎಂಬ ಊರಿಗೆ, ಭಾವನ ಅಡುಗೆಮನೆಗೆ ಕರೆದುಕೊಂಡು ಹೋಗಿ ಕೂರಿಸಿತು.

ಭಾವ ಅಂದರೆ ನನ್ನ ಅಕ್ಕನ ಗಂಡ. ಪೇಟೆಯಲ್ಲಿ ಅವರದ್ದೊಂದು ಪಾತ್ರೆ ಅಂಗಡಿ. ಹಂಡೆ ಕೊಪ್ಪರಿಗೆಗಳನ್ನು ಎತ್ತಿ ಇಳಿಸಿ ಅವರಿಗೆ ಹರ್ನಿಯಾ ಆಗಿತ್ತು. ಅದನ್ನವರು ಹಟಮಾರಿ ಗಿರಾಕಿಯನ್ನೆಂಬಂತೆ ಬಹಳ ವರ್ಷ ಸಹಿಸಿಕೊಂಡಿದ್ದರು. ಹೊರಗೆ ತಲೆ ಹಾಕಿದರೆ ಒಂದು ಕೈಯಿಂದ ಮೆಲ್ಲಗೆ ಒಳಗೆ ಕಳುಹಿಸಿ, ಇನ್ನೊಂದು ಕೈಯಿಂದ ವ್ಯಾಪಾರ ಮುಂದುವರಿಸುವುದು. ಆ ವರ್ಷ ಮಾತ್ರ ಅದು ಎರಡು ಸಲ ಒಳಗೆ ಹೋಗಲು ಒಪ್ಪಲಿಲ್ಲ. ಮೂಡಬಿದ್ರೆಯ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು: "ಇನ್ನೊಮ್ಮೆ ಸಿಕ್ಕಿಕೊಂಡ್ರೆ ಕರುಳು ಕೊಳೆಯುತ್ತದೆ. ಆಮೇಲೆ ನನ್ನ ಹತ್ರ ಬಂದು ಪ್ರಯೋಜನ ಇಲ್ಲ." ಅಂದಿನಿಂದ ಅಕ್ಕ, ಭಾವ ಕೆಮ್ಮಿದರೂ ಬೆಚ್ಚಿಬೀಳುತ್ತಿದ್ದಳು.

ಶಸ್ತ್ರಕ್ರಿಯೆಗೆ ದಿನ ಗೊತ್ತಾಯಿತು, ಬೆಳಿಗ್ಗೆ ಹನ್ನೊಂದಕ್ಕೆ. ಡಾಕ್ಟರು ನಿಯಮ ಹೇಳಿದರು. "ಆರೆಂಟು ಗಂಟೆ ಹೊಟ್ಟೆ ಖಾಲಿ ಇರ್ಬೇಕು. ರಾತ್ರಿ ಏನೂ ತಿನ್ನಬಾರದು, ನೀರೂ ಕುಡೀಬಾರದು."

ಈಜು ಬಲ್ಲವನಿಗೆ ಮೊಣಕಾಲುದ್ದದ ನೀರು ತೋರಿಸಿದಂತೆ ಭಾವ ನಕ್ಕರು. "ನಾವು ಜೈನರು ಡಾಕ್ಟ್ರೇ. ಅದನ್ನು ನಮಗೆ ಹೇಳ್ಬೇಕಾ? ಸೂರ್ಯ ಮುಳುಗಿದ ಮೇಲೆ ನಮ್ಮಲ್ಲಿ ಒಲೆಯೇ ಉರಿಯುವುದಿಲ್ಲ."

"ಹಾಗಾದ್ರೆ ಸುಲಭ ಆಯ್ತು. ಮದ್ದು ಏನಾದ್ರೂ ತಗೊಳ್ತಾ ಇದ್ದೀರಾ?"

"ಬಿಪಿಯದ್ದೊಂದು. ಮತ್ತೆ ಏನೂ ಇಲ್ಲ."

ಗೊತ್ತುಪಡಿಸಿದ ದಿನದ ಮುನ್ನಾ ಸಂಜೆ ಭಾವ ಹೊತ್ತು ಮುಳುಗುವ ಮೊದಲೇ ಉಂಡು ಬಾಯಿ ತೊಳೆದರು. ರಾತ್ರಿಯಿಡೀ ಒಂದು ಗುಟುಕು ನೀರೂ ಇಲ್ಲ. ಬೆಳಿಗ್ಗೆ ಸೂರ್ಯ ಮೇಲೆ ಬಂದ. ಭಾವ ಸ್ನಾನ, ಪ್ರಾರ್ಥನೆ ಮುಗಿಸಿ, ಎಂದಿನಂತೆ ಬಂದು ಮಣೆಯ ಮೇಲೆ ಕುಳಿತರು. ಅಕ್ಕ ಎಂದಿನಂತೆ ಗಂಜಿ ಬಡಿಸಿ ತುಪ್ಪ ಹಾಕಿದಳು. ರಾತ್ರಿಯ ವ್ರತ ಬೆಳಿಗ್ಗೆ ಬಿಡುವುದು ಆ ಮನೆಯಲ್ಲಿ ತಲೆಮಾರುಗಳಿಂದ ನಡೆದು ಬಂದ ಕ್ರಮ. ಒಂದು ದಿನ ಅದು ಬೇರೆ ಥರ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಜೊತೆಗಿರಲೆಂದು ಬಂದಿದ್ದ ನನಗೆ ಮಾತ್ರ ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿತು. "ಭಾವ, ಆಪರೇಷನ್ ಉಂಟಲ್ವಾ?"

"ಹನ್ನೊಂದಕ್ಕೆ," ಎಂದರು ಭಾವ. "ಡಾಕ್ಟ್ರು ಕೇಳಿದ್ದು ಆರೆಂಟು ಗಂಟೆ. ನಾನು ಹನ್ನೆರಡು ಕೊಟ್ಟಿದ್ದೇನೆ. ನೀವು ಎಂತ ನೋಡುವುದು? ಕೂತ್ಕೊಳ್ಳಿ, ಉಣ್ಣಿ."

ಈ ವಾದವನ್ನು ನಾನು ನಾಲ್ಕೂ ಕಡೆಯಿಂದ ಪರೀಕ್ಷಿಸಿದೆ. ಪದವೀಧರನಾಗಿದ್ದೆ, ತರ್ಕಶಾಸ್ತ್ರವೂ ಒಂದು ವಿಷಯವಾಗಿತ್ತು. ಎಲ್ಲೂ ತೂತು ಕಾಣಲಿಲ್ಲ. ಕುಳಿತು ಉಂಡೆ.

ಪಕ್ಕದ ಬಟ್ಟೆ ಅಂಗಡಿಯ ಹಮೀದರು ತಮ್ಮ ವ್ಯಾನಿನಲ್ಲಿ ನಮ್ಮನ್ನು ಮೂಡಬಿದ್ರೆಗೆ ಕರೆದುಕೊಂಡು ಹೋದರು. ಸಿದ್ಧಕಟ್ಟೆಯ ತಿರುವುಗಳಲ್ಲಿ ಮದುಮಗನನ್ನು ಕರೆದೊಯ್ಯುವಷ್ಟು ನಿಧಾನ. ಆಸ್ಪತ್ರೆಯಲ್ಲಿ ಭಾವನಿಗೆ ಹಸಿರು ಅಂಗಿ ತೊಡಿಸಿದರು. ಅದರ ಗುಂಡಿ ಬೆನ್ನ ಹಿಂದೆ ಯಾಕೆ ಎಂಬುದು ಅವರ ಅಂದಿನ ಮೊದಲ ಗೊಂದಲ. ಅಷ್ಟರಲ್ಲಿ ಡಾಕ್ಟರು ಬಂದು, ಕೇಳಬೇಕಲ್ಲ ಎಂಬಂತೆ ಕೇಳಿದರು: "ಏನೂ ತಿಂದಿಲ್ಲ ಅಲ್ವಾ?"

ಭಾವ ಸುಳ್ಳು ಹೇಳುವವರಲ್ಲ. "ರಾತ್ರಿ ಏನೂ ಇಲ್ಲ. ಬೆಳಿಗ್ಗೆ ಗಂಜಿ."

"ಗಂಜಿ?"

"ತುಪ್ಪ ಹಾಕಿ," ಎಂದಳು ಅಕ್ಕ, ತನ್ನ ಉಪಚಾರದಲ್ಲಿ ಕೊರತೆಯಾಗಿಲ್ಲವೆಂದು ತಿಳಿಸಲು.

ಡಾಕ್ಟರು ತಲೆಯ ಮೇಲಿದ್ದ ಹಸಿರು ಟೊಪ್ಪಿಯನ್ನು ತೆಗೆದಿಟ್ಟರು. ಆಮೇಲೆ ಹೇಳಿದರು: "ಇದು ಪುಣ್ಯಕ್ಕೆ ಮಾಡುವ ಉಪವಾಸ ಅಲ್ಲ ಮಾರಾಯ್ರೆ. ಸೊಂಟದ ಕೆಳಗೆ ಮರಗಟ್ಟಿಸಲು ಬೆನ್ನಿಗೆ ಕೊಡುವ ಇಂಜೆಕ್ಷನ್ ಹಿಡಿಯದಿದ್ರೆ ನಿಮ್ಮನ್ನು ಪೂರ್ತಿ ಮಲಗಿಸ್ಬೇಕಾಗ್ತದೆ. ಆಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಜೀವಕ್ಕೆ ಅಪಾಯ. ಗಂಟೆ ಎಣಿಸ್ಬೇಕಾದ್ದು ಆಪರೇಷನ್ನಿಂದ ಹಿಂದಕ್ಕೆ. ನೀವು ಯಾವಾಗಲೋ ಉಪವಾಸ ಮಾಡಿ ನನ್ನ ಖಾತೆಗೆ ಹಾಕಿದ್ರೆ ಆಗ್ತದಾ?"

"ಹಾಗಾದ್ರೆ ಸಂಜೆ ಮಾಡುವ," ಎಂದರು ಭಾವ, ವ್ಯಾಪಾರದ ಧಾಟಿಯಲ್ಲಿ.

ಡಾಕ್ಟರ ತಾಳ್ಮೆ ಅಲ್ಲಿಗೆ ಮುಗಿಯಿತು. "ಗಂಜಿಯ ಒಟ್ಟಿಗೆ ಮತ್ತೆ ಎಂತೆಲ್ಲ ಹೋಗಿದೆ ಒಳಗೆ? ಒಂದೂ ಬಿಡದೆ ಹೇಳಿ."

"ಜೀರಿಗೆ ಕಷಾಯ. ಬಿಪಿ ಮಾತ್ರೆ. ಮತ್ತೆ ಹಮೀದರ ಮಾತ್ರೆ."

ಬಾಗಿಲಲ್ಲಿ ನಿಂತಿದ್ದ ಹಮೀದರ ಕಡೆಗೆ ಎಲ್ಲರೂ ತಿರುಗಿದರು.

ಇಲ್ಲಿ ಒಂದು ಮಾತು ಹೇಳಬೇಕು. ಆ ಕಾಲದಲ್ಲಿ ಗಲ್ಫಿನಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಅತ್ತರು, ಟಾರ್ಚು, ಹಾಲಿನ ಪುಡಿಯ ಜೊತೆ ನೋವಿನ ಮಾತ್ರೆಯ ದೊಡ್ಡ ಬಾಟಲಿಯೂ ಇರುತ್ತಿತ್ತು. ಅದು ಕೇರಿಯಲ್ಲಿ ಹಂಚಿಹೋಗುತ್ತಿತ್ತು. ಮದ್ದು ಎಂದರೆ ಡಾಕ್ಟರು ಬರೆದುಕೊಟ್ಟದ್ದು, ಮೆಡಿಕಲಿನಿಂದ ತಂದದ್ದು. ಇದಾದರೋ ಪ್ರೀತಿಯಿಂದ ಬಂದದ್ದು. ಅದನ್ನು ಮದ್ದೆಂದು ಕರೆಯುವುದು ಕೊಟ್ಟವರಿಗೆ ಅವಮಾನ. ಮಂಡಿನೋವಿಗೆಂದು ಭಾವ ದಿನಾ ಬೆಳಿಗ್ಗೆ ಒಂದು ನುಂಗುತ್ತಿದ್ದರು.

"ಅದು ಮದ್ದಲ್ಲ ಡಾಕ್ಟ್ರೇ, ದುಬೈಯದ್ದು," ಎಂದು ಹಮೀದರು ಸಮಜಾಯಿಷಿ ಕೊಟ್ಟರು. "ನನ್ನ ತಮ್ಮ ತಂದದ್ದು. ನಾನೂ ತಿನ್ತೇನೆ." ವ್ಯಾನಿನಲ್ಲಿ ತಾವು ಇಟ್ಟುಕೊಂಡಿದ್ದ ಬಾಟಲಿಯನ್ನೇ ತಂದುಕೊಟ್ಟರು.

ಡಾಕ್ಟರು ಓದಿದರು. ಓದಿ, ಅಷ್ಟು ಹೊತ್ತು ನಿಂತಿದ್ದವರು ಕುಳಿತರು. "ಇದು ರಕ್ತ ತೆಳು ಮಾಡ್ತದೆ. ದಿನಾ ಇದನ್ನು ತಿನ್ನುವವರ ಬೆನ್ನಿಗೆ ನಾವು ಇವತ್ತು ಸೂಜಿ ಚುಚ್ಚಿದ್ರೆ, ಕತ್ತಿ ಹಾಕಿದ್ರೆ ರಕ್ತ ನಿಲ್ಲುವುದಿಲ್ಲ." ಅಕ್ಕ ಭಾವನ ಹಸಿರು ಅಂಗಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

ಹಮೀದರು ಸಣ್ಣ ದನಿಯಲ್ಲಿ ಕೇಳಿದರು: "ಹಾಗಾದ್ರೆ ಗಂಜಿ ಉಂಡದ್ದು ಒಳ್ಳೆಯದಾಯ್ತಲ್ವಾ?"

ಡಾಕ್ಟರು ಡೈರಿ ತೆರೆದು ಪುಟ ತಿರುವಿದರು.

ಹೊಸ ದಿನ ನಿಶ್ಚಯವಾಯಿತು. ಪಶ್ಚಾತ್ತಾಪದ ಭರದಲ್ಲಿ ಭಾವ, "ಇನ್ನು ಎಲ್ಲ ಮಾತ್ರೆಯೂ ಬಂದ್," ಎಂದು ಘೋಷಿಸಿದರು.

"ನಿಲ್ಲಿಸುವುದು ದುಬೈಯದ್ದು ಮಾತ್ರ. ಬಿಪಿಯದ್ದು ನಿಲ್ಲಿಸ್ಬೇಡಿ. ಆಪರೇಷನ್ ದಿನ ಬೆಳಿಗ್ಗೆಯೂ ತಗೊಳ್ಳಿ, ಒಂದು ಗುಟುಕು ನೀರಲ್ಲಿ."

"ನೀರು ಕುಡೀಬಾರದು ಅಂದ್ರಿ."

"ಅದಕ್ಕೆ ಮಾತ್ರ ಅಡ್ಡಿಯಿಲ್ಲ."

ಭಾವ ನನ್ನ ಮುಖ ನೋಡಿದರು. ಬಿಡುವುದಾದರೆ ಎಲ್ಲವನ್ನೂ ಬಿಡಬೇಕೆಂದು ನಂಬಿ ಬಾಳಿದ ಮನುಷ್ಯನ ದಿಗ್ಭ್ರಮೆ ಅಲ್ಲಿತ್ತು. "ಇವರ ವ್ರತ ನಮ್ಮದಕ್ಕಿಂತ ಕಷ್ಟ," ಎಂದರು.

ಹಿಂದಿರುಗುವಾಗ ವ್ಯಾನು ಓಡಿಸುತ್ತಲೇ ಹಮೀದರು ಕೇಳಿದರು: "ನಿಮ್ಮ ಉಪವಾಸ ರಾತ್ರಿ. ನಮ್ಮದು ಹಗಲು. ಈ ಡಾಕ್ಟ್ರದ್ದು ಯಾವುದು ಮಾರಾಯ್ರೆ?" ಅಕ್ಕ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ.

ನಡುವಿನ ದಿನಗಳು ಮಾತ್ರ ಯಾರಿಗೂ ಬೇಡ. ಹರ್ನಿಯಾ ಯಾವಾಗ ಸಿಕ್ಕಿಕೊಳ್ಳುವುದೋ ಎಂಬ ಭಯ. ಅಕ್ಕ ಭಾವನಿಗೆ ಲೋಟ ಎತ್ತಲೂ ಬಿಡಲಿಲ್ಲ. ಹಮೀದರು ತಮ್ಮ ಅಂಗಡಿ ಬಿಟ್ಟು ಬಂದು ಭಾವನ ಅಂಗಡಿಯ ಕೊಪ್ಪರಿಗೆಗಳನ್ನು ಎತ್ತಿ ಇಳಿಸಿದರು. ಬೇಡವೆಂದರೆ ಕೇಳಲಿಲ್ಲ. ಎರಡನೆಯ ಸಲದ ಬೆಳಿಗ್ಗೆ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ರೋಗಿ ಒಬ್ಬನೇ ಆದರೂ ಹಸಿದಿದ್ದವರು ಎಲ್ಲರೂ, ಹಮೀದರೂ ಸೇರಿ. ಶಸ್ತ್ರಕ್ರಿಯೆ ಸುಸೂತ್ರವಾಗಿ ಮುಗಿಯಿತು. ಭಾವ ಆಮೇಲೆ ಬಹಳ ವರ್ಷ ಬದುಕಿದರು, ಒಳ್ಳೆಯ ವ್ಯಾಪಾರ ಮಾಡಿದರು.

ನನಗೆ ಮಾತ್ರ ಇಂದಿಗೂ ಬಗೆಹರಿಯದ ಒಂದು ಸಂಗತಿ ಉಂಟು. ನಿಯಮ ಪಾಲಿಸಿ ಖಾಲಿ ಹೊಟ್ಟೆಯಲ್ಲಿ ಹೋಗಿದ್ದರೆ ಅಂದೇ ಅವರನ್ನು ಮೇಜಿನ ಮೇಲೆ ಮಲಗಿಸುತ್ತಿದ್ದರು, ತೆಳುವಾದ ರಕ್ತದೊಂದಿಗೆ. ನಿಯಮ ಮುರಿದದ್ದರಿಂದ ಉಳಿದರು. ಹಾಗೆಂದು ಗಂಜಿ ಉಂಡು ಹೋಗಿ ಎಂದು ಯಾರಿಗಾದರೂ ಹೇಳಲು ಬರುತ್ತದೆಯೇ? ತರ್ಕಶಾಸ್ತ್ರ ಇಲ್ಲಿಯೂ ಕೈಕೊಟ್ಟಿದೆ. ಯೋಚಿಸಿ ಯೋಚಿಸಿ, ಅವರನ್ನು ಉಳಿಸಿದ್ದು ಗಂಜಿಯಲ್ಲ, ಮದ್ದಿನ ಬಗ್ಗೆ ಡಾಕ್ಟರು ಎರಡನೆಯ ಸಲ ಕೇಳಿದ ಪ್ರಶ್ನೆ ಎಂಬಲ್ಲಿಗೆ ಬಂದು ನಿಂತಿದ್ದೇನೆ. ಎರಡನೆಯ ಸಲ ಕೇಳುವಷ್ಟು ಸಿಟ್ಟು ಎಲ್ಲ ಡಾಕ್ಟರಿಗೂ ಬರಬೇಕಲ್ಲ.

ಅಷ್ಟರಲ್ಲಿ ನನ್ನ ಹೆಸರು ಕರೆದರು. ಒಳಗೆ ಚಿಕ್ಕ ಪ್ರಾಯದ ನರ್ಸು, ಪೆನ್ನು ಹಿಡಿದು ತಯಾರಾಗಿದ್ದಳು. "ಬೇರೆ ಮದ್ದು ಏನಾದ್ರೂ ತಗೊಳ್ತೀರಾ ಅಂಕಲ್?"

ಇಲ್ಲ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಪಂಡಿತರ ಚೂರ್ಣ, ನಿದ್ದೆಗೆಂದು ನೆರೆಮನೆಯವರು ಕೊಟ್ಟ ಗುಳಿಗೆ, ಸೊಂಟನೋವಿಗೆ ನಾನೇ ಗೊತ್ತುಮಾಡಿಕೊಂಡದ್ದು, ಇವನ್ನೆಲ್ಲ ಮದ್ದೆಂದು ನಾನು ಯಾವತ್ತೂ ಭಾವಿಸಿದವನಲ್ಲ.

"ನಿಮಗೆ ಸ್ವಲ್ಪ ಪುರುಸೊತ್ತು ಉಂಟಾ ಸಿಸ್ಟರ್?" ಎಂದೆ.

ಅವಳು ಗಡಿಯಾರ ನೋಡಿದಳು, ನನ್ನನ್ನು ನೋಡಿದಳು, ಸ್ಟೂಲು ಎಳೆದುಕೊಂಡು ಕುಳಿತಳು.