ಗಾಜಿನ ನಂಬರು
ಧಾರವಾಡದ ಇಂದುಮತಿ ಗಂಡನ ಬ್ಯಾಂಕ್ ವರ್ಗಾವಣೆಯಿಂದ ಬರೋಡಾಕ್ಕೆ ಬಂದು, ೧೯೯೪ರಲ್ಲಿ ಕಬ್ಬಿಣದ ಶಿಲ್ಪ ಮಾಡಲು ಕಲಿಯುತ್ತಿದ್ದರು. ವೆಲ್ಡಿಂಗ್ ಹೆಲ್ಮೆಟ್ ಕೊಳ್ಳಲು ಹೋದಾಗ ಅಂಗಡಿಯವನು, ಯಾವ ನಂಬರಿನ ಗಾಜು ಬೇಕು ಅಕ್ಕಾ ಎಂಬಂತೆ ಕೇಳಿದ, “ಗ್ಲಾಸ್ ಕೌನ್ಸಾ ನಂಬರ್, ಬೆನ್?”

“ಮೈನಸ್ ದೋ,” ಎಂದು ಅವರು ತಮ್ಮ ಕನ್ನಡಕದ ನಂಬರು ಹೇಳಿದರು.

ಆತ ತಬ್ಬಿಬ್ಬಾಗಿ ಹತ್ತು, ಹನ್ನೆರಡು ನಂಬರಿನ ಗಾಜುಗಳನ್ನು ಮುಂದಿಟ್ಟ. ಎರಡರಲ್ಲೂ ಇಂದುಮತಿಗೆ ಅಂಗಡಿಯೇ ಕಾಣಲಿಲ್ಲ. ನಂಬರು ಹೆಚ್ಚಿದಷ್ಟೂ ಗಾಜು ಕಪ್ಪು ಎಂದು ಆತ ಹೇಳಿದ್ದರಿಂದ, ಕಣ್ಣಿಗೆ ಹನ್ನೆರಡೇ ಕ್ಷೇಮವೆಂದು ಒಯ್ದರು. ಬೆಸುಗೆ ಹಾಕುವಾಗ ಬೆಳಕಿನ ಚುಕ್ಕೆಯೊಂದು ಬಿಟ್ಟು ಏನೂ ಕಾಣಲಿಲ್ಲ. ಹೆಲ್ಮೆಟ್ ಎತ್ತಿ ನೋಡಿದರೆ, ತಾವು ಮಾಡುತ್ತಿದ್ದ ಕುದುರೆಯ ಶಿಲ್ಪದ ಕಾಲು ಕಬ್ಬಿಣದ ಮೇಜಿಗೆ ಅಂಟಿಕೊಂಡಿತ್ತು!

ಮರುದಿನ ಹತ್ತನೆಯ ನಂಬರಿನ ಗಾಜು ತಂದರು. ಕರಗುವ ಕಬ್ಬಿಣ ಸ್ಪಷ್ಟವಾಗಿ ಕಂಡಿತು, ಕಣ್ಣೂ ಕುಕ್ಕಲಿಲ್ಲ. ನಾಲ್ಕೂ ಕಾಲು ನಿಂತವು.

ಗಂಡ ಹರಿಪ್ರಸಾದ ಸುತ್ತು ಹಾಕಿ ನೋಡಿದರು. “ಇದು ಕುದರಿ ಏನ, ನಾಯಿ ಏನ?”

ಇಂದುಮತಿಯೂ ದಿಟ್ಟಿಸಿದರು. “ನನಗೂ ತಿಳೀವಲ್ದರೀ.”