ಟೆಲಿಸ್ಕೋಪಿಗೆ ಅಂಟಿದ ಮೀನಿನ ಹುರುಪೆ

ಎರ್ಮಾಳಿನ ಹೆದ್ದಾರಿ ಬದಿಯ ಮೀನಂಗಡಿಯಲ್ಲಿ ಕೂತು ಇದನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಪೆನ್ನು ಅಂಗಡಿಯ ಗಿರಿಜಕ್ಕನ ಬಳಿ ಇದೆ.

ಮೀನು ಮಾರುವ ಹೆಂಗಸರ ಸಂಘಕ್ಕೆ ಮಣಿಪಾಲದ ನಮ್ಮ ಸಂಸ್ಥೆ ಕೊಟ್ಟ ಟೆಲಿಸ್ಕೋಪು ಉಪಯೋಗಕ್ಕೆ ಬಂತೇ ಎಂದು ನೋಡಿ ವರದಿ ಕೊಡುವುದು ನನ್ನ ಕೆಲಸ. ಬರಲಿಲ್ಲವೆಂದು ಬರೆದರೆ ಅದನ್ನು ವಾಪಸು ಒಯ್ಯುತ್ತಾರೆ.

"ಗೊತ್ತುಮಾಡಿದ ದಿನಗಳಲ್ಲಿ ಎಷ್ಟು ಸಲ ಆಕಾಶ ನೋಡಿದಿರಿ?" ಎಂದು ಗಿರಿಜಕ್ಕನಿಗೆ ಫಾರ್ಮಿನ ಮೊದಲ ಪ್ರಶ್ನೆ ಕೇಳಿದೆ.

"ಒಂದು ಸಲವೂ ಇಲ್ಲ ಮೇಡಂ. ಬೋಟು ಕಡಲಿಗೆ ಇಳಿಯದ ಎರಡು ತಿಂಗಳು ನಮಗೆ ಪುರುಸೊತ್ತು ಅಂತ ನಿಮ್ಮವರು ಆಕಾಶ ನೋಡುವ ದಿನ ಆಗಲೇ ಇಟ್ಟರು. ಅದು ಮಳೆಗಾಲ ಅಲ್ವಾ? ಎಂತ ಕಾಣುವುದು ಮಾರಾಯ್ರೆ?"

ಸೊನ್ನೆ ಬರೆಯಲು ಹೊರಟವಳಿಗೆ ಟೆಲಿಸ್ಕೋಪಿನ ಕೊಳವೆ ಕಣ್ಣಿಗೆ ಬಿತ್ತು. ಅದಕ್ಕೆ ಮೀನಿನ ಹುರುಪೆ ಅಂಟಿತ್ತು, ಇನ್ನೂ ಹಸಿಯಾಗಿಯೇ.

"ಇದೇನು?"

"ಮಳೆ ಬಿಟ್ಟ ಮೇಲೆ ಬುಟ್ಟಿಗಳ ಜೊತೆ ಅದೂ ಟೆಂಪೋದಲ್ಲಿ ಬಂದರಿಗೆ ಬರ್ತದೆ. ಬೆಳಕು ಹರಿಯುವ ಮೊದಲು ಬೋಟಿಗೆ ಕಾಯ್ತೇವಲ್ಲ, ಆಗ ನೋಡುವುದು. ವ್ಯಾಪಾರಕ್ಕೆ ಮೊದಲು ಶನಿಯ ಮುಖ ನೋಡುವುದಾ ಅಂತ ಸುರುವಿಗೆ ಎಲ್ಲರಿಗೂ ಹೆದರಿಕೆ. ಈಗ ಮೀನಿಗಿಂತ ಮೊದಲು ಅದಕ್ಕೆ ಸಾಲು."

ಬಂದರಿನಲ್ಲಿ ನೋಡಿದ್ದನ್ನು ಬರೆಯಲು ಫಾರ್ಮಿನಲ್ಲಿ ಜಾಗವಿಲ್ಲ ಎಂದೆ. ಗಿರಿಜಕ್ಕ ಬಂಗುಡೆಯ ಮೇಲೆ ಐಸ್ ಸುರಿದು, ಕೈ ಒರೆಸಿಕೊಂಡು, ನನ್ನ ಪೆನ್ನು ತೆಗೆದು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಾಳೆ ಟೆಂಪೋದಲ್ಲಿ ಒಂದು ಸೀಟು ಉಂಟು. ಬಂದು ಶನಿಯ ಬಳೆ ನೋಡಿ. ಆಮೇಲೆ ಬೇಕಾದರೆ ಸೊನ್ನೆ ಬರೆಯಿರಿ. ಪೆನ್ನು ಅಲ್ಲೇ ಕೊಡ್ತೇನೆ."